ಬೇಲಿ ಹಿಂದಿನ ಪಟ್ಟೆ ಜೆರ್ಸಿ

ನಮ್ಮ ಉನಿಯೋನ್ ಮೊಲಿನೇರಾ ಫುಟ್ಬಾಲ್ ತಂಡ ಜನವರಿ ತಿಂಗಳಲ್ಲಿ ಇಂದಿನವರೆಗೆ ಒಂದೇ ಒಂದು ಪಂದ್ಯವನ್ನೂ ಸೋತಿಲ್ಲ. ಜನವರಿಯಲ್ಲಿ ಪಂದ್ಯಗಳೇ ಇರುವುದಿಲ್ಲ ಎಂಬುದು ಬೇರೆ ಮಾತು.

ಡಿಸೆಂಬರಿನಲ್ಲಿ ನಾವು ಕೊನೆಯಿಂದ ಮೂರನೆಯವರಾಗಿ ನಿಂತಿದ್ದೆವು. ಕೆಳದರ್ಜೆಗೆ ಉರುಳದೆ ಉಳಿದದ್ದು ನಮ್ಮ ಪರಾಕ್ರಮದಿಂದಲ್ಲ, ನಮಗಿಂತ ಕಳಪೆಯಾಗಿ ಆಡಲು ಇನ್ನೆರಡು ತಂಡಗಳು ಪಟ್ಟ ಶ್ರಮದಿಂದ. ಕೊನೆಯ ಪಂದ್ಯದ ದಿನ ಊರಿಗೆ ಊರೇ ಹಿಡಿಶಾಪ ಹಾಕಿತು. ತರಕಾರಿ ಅಂಗಡಿಯ ಚಿಚೋ, ಗ್ಯಾಲರಿಯಲ್ಲಿ ಮೂವತ್ತೊಂದು ವರ್ಷದಿಂದ ನನ್ನ ಎಡಗಡೆಗೇ ಕೂರುವವನು, ತನ್ನ ಸದಸ್ಯತ್ವದ ಕಾರ್ಡನ್ನು ಹಲ್ಲಿನಿಂದ ಕಚ್ಚಿ ಹರಿಯಲು ನೋಡಿದ. (ಪ್ಲಾಸ್ಟಿಕ್ಕಿನದು. ಕಾರ್ಡು ಹರಿಯಲಿಲ್ಲ, ಹಲ್ಲು ಅಲುಗಾಡಿತು.) ಹೊಸ ವರ್ಷದ ಪಟಾಕಿಯ ಹೊಗೆ ಆರುವುದರೊಳಗೆ ಅದೇ ಚಿಚೋ, ಅದೇ ಅಲುಗಾಡುವ ಹಲ್ಲಿನಿಂದ, ಟೊಮೇಟೊ ತೂಗುತ್ತಾ ಹೇಳಿದ: "ಬರೆದಿಟ್ಕೋ ಮೇಷ್ಟ್ರೇ. ಈ ವರ್ಷ ಕಪ್ ನಮ್ದೇ."

"ಹೇಗೆ ಹೇಳ್ತೀಯ?"

"ಶಿಬಿರ ಶುರುವಾಗ್ತಿದೆ!"

ಶಿಬಿರ ಎಂದರೆ ಆಟಗಾರರನ್ನು ಬಸ್ಸಿಗೆ ತುಂಬಿ, ಬೆಟ್ಟಕ್ಕೋ ಸಮುದ್ರಕ್ಕೋ ಸಾಗಿಸಿ, ಕ್ರಿಸ್‌ಮಸ್ಸಿನಲ್ಲಿ ತಿಂದ ಹಂದಿಮರಿಯನ್ನು ಹತ್ತು ದಿನ ಓಡಿಸಿ ಕರಗಿಸುವ ಮಹಾಯಜ್ಞ. ಅಲ್ಲಿ ನಡೆಯುವುದು ಇಷ್ಟೇ. ಪತ್ರಿಕೆಯಲ್ಲಿ ಮಾತ್ರ 'ತಂಡದಲ್ಲಿ ನವಚೈತನ್ಯ', 'ಕೋಚ್ ಬೆನ್ವೆನೂತೊ ಕಣ್ಣಲ್ಲಿ ಕಿಡಿ' ಎಂದು ಬರುತ್ತದೆ. ನಮ್ಮ ಆಡಳಿತ ಮಂಡಳಿಯವರಿಗೆ ನಮ್ಮ ಕಾಯಿಲೆ ಚೆನ್ನಾಗಿ ಗೊತ್ತು. ಗೋಲು ಹೊಡೆಯುವವನನ್ನು ತರುವುದು ಕಷ್ಟ, ಆಸೆ ಹುಟ್ಟಿಸುವುದು ಸುಲಭ. ಈ ಸಲ ಅವರು ಪರಾಗ್ವೆಯಿಂದ 'ಟ್ರ್ಯಾಕ್ಟರ್' ಎಂಬ ಅಡ್ಡಹೆಸರಿನ ಒಬ್ಬನನ್ನು ತಂದಿದ್ದರು. ಪತ್ರಿಕೆ ಅವನ ವಯಸ್ಸು ಇಪ್ಪತ್ತೊಂಬತ್ತು ಎಂದಿತು. ಹನ್ನೊಂದು ವರ್ಷದ ಹಿಂದೆ ಅದೇ ಪತ್ರಿಕೆ ಅವನಿಗೆ ಇಪ್ಪತ್ತಾರು ಕೊಟ್ಟಿತ್ತು.

ಇಷ್ಟೆಲ್ಲ ತಿಳಿದೂ ನಾನು ಮೋಸ ಹೋಗಲಿಲ್ಲವೆಂದು ನೀವು ಭಾವಿಸಿದರೆ ನಿಮಗೆ ಅಭಿಮಾನಿಗಳ ಪರಿಚಯವಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ದನ ಕಾಯುತ್ತಿದ್ದವರ ಮಗ, ಇಂದು ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಆ ಓದು ಕಲಿಸಿದ ಶಿಸ್ತನ್ನೆಲ್ಲ ನಾನು ಒಂದು ದಪ್ಪ ನೋಟ್‌ಬುಕ್ಕಿಗೆ ಧಾರೆ ಎರೆದಿದ್ದೇನೆ. ಅದರಲ್ಲಿ ತಂಡದ ಗೆಲುವು ಸೋಲುಗಳ ಜೊತೆಗೆ ಆ ದಿನ ನಾನು ಯಾವ ಬೀದಿಯಿಂದ ಮೈದಾನಕ್ಕೆ ಹೋದೆ, ಯಾವ ಕಾಲು ಮೊದಲು ಇಟ್ಟೆ, ಏನು ತಿಂದೆ ಎಲ್ಲವೂ ಇವೆ. ನಮ್ಮಲ್ಲಿ ಫುಟ್ಬಾಲು ಆಡುವುದು ಹನ್ನೊಂದು ಜನರಲ್ಲ, ಕಾಲ್ಗುಣ. ಗೆದ್ದ ದಿನ ಹೇಗಿದ್ದೆವೋ ಮುಂದಿನ ಪಂದ್ಯಕ್ಕೂ ಹಾಗೇ ಇರಬೇಕು. ಕೂತಲ್ಲೇ ಕೂರಬೇಕು, ಉಟ್ಟದ್ದನ್ನೇ ಉಡಬೇಕು. ನನ್ನ ಹಸಿರು ಬಿಳಿ ಪಟ್ಟೆಯ ಜೆರ್ಸಿ ಹತ್ತೊಂಬತ್ತು ವರ್ಷದಲ್ಲಿ ನೀರು ಕಂಡದ್ದು ಒಂದೇ ಸಲ, ನನ್ನ ಹೆಂಡತಿ ಜುಲೇಮಾಳ ಕೈಯಿಂದ. ಆ ಭಾನುವಾರ ಐದು ಗೋಲು ತಿಂದೆವು. ಅಂದಿನಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಹೋದ ವರ್ಷ ಪಕ್ಕೆಯಲ್ಲಿ ಹರಿದಾಗ ಮಾತ್ರ ನನ್ನ ಅತ್ತೆ ಡೋನ್ಯಾ ಕ್ಲೊತಿಲ್ದೆ ಮೂಗಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡು, ಕೈಗೆ ಸಿಕ್ಕಿದ ನೇರಳೆ ದಾರದಲ್ಲಿ ಹೊಲಿದುಕೊಟ್ಟಿದ್ದರು.

ಕಾಲ್ಗುಣ ಒಳ್ಳೆಯದಿದ್ದಂತೆ ಕೆಟ್ಟದ್ದೂ ಇರುತ್ತದೆ. ಅಂಥ ಮನುಷ್ಯನನ್ನು 'ಮುಫಾ' ಎನ್ನುತ್ತಾರೆ. ಅವನ ಹೆಸರು ಯಾರೂ ಹೇಳುವುದಿಲ್ಲ. ಅಪ್ಪಿತಪ್ಪಿ ಹೇಳಿದರೆ ಗಂಡಸರೆಲ್ಲ ದೋಷ ಪರಿಹಾರಕ್ಕೆ ಎಡಗೈಯಿಂದ ಒಂದು ಜಾಗ ಮುಟ್ಟಿಕೊಳ್ಳುತ್ತಾರೆ. (ಯಾವ ಜಾಗವೆಂದು ಮೇಷ್ಟ್ರಾದ ನಾನು ಬರೆಯಲಾರೆ. ಪ್ಯಾಂಟಿನ ಮುಂಭಾಗ, ಎಡಕ್ಕೆ.) ನಾನೂ ಎಷ್ಟೋ ಸಲ ಮುಟ್ಟಿಕೊಂಡು ನಕ್ಕಿದ್ದೇನೆ. ಆ ನಗೆಯೇ ನನಗೆ ಸುತ್ತಿಕೊಂಡಿತು.

ಈ ವರ್ಷದ ಶಿಬಿರ ಕೋರ್ದೊಬಾ ಬೆಟ್ಟಗಳ ಸೆರ್ರೊ ಮಾನ್ಸೊ ಎಂಬ ಹಳ್ಳಿಯಲ್ಲೆಂದು ರೇಡಿಯೋ ಹೇಳಿದ ಕ್ಷಣವೇ ನನಗೊಂದು ದಿವ್ಯ ಯೋಚನೆ ಹೊಳೆಯಿತು.

"ಜುಲೇಮಾ, ಈ ಸಲ ರಜಕ್ಕೆ ಬೆಟ್ಟಕ್ಕೆ ಹೋದ್ರೆ ಹೇಗೆ?" ಎಂದೆ, ಈರುಳ್ಳಿ ಹೆಚ್ಚುತ್ತಾ. (ಕೇಳದೆಯೇ ಈರುಳ್ಳಿ ಹೆಚ್ಚಿಕೊಟ್ಟದ್ದು ನನ್ನ ಮೊದಲ ತಪ್ಪು.)

"ಒಂಬತ್ತು ವರ್ಷದಿಂದ ಸಮುದ್ರ ಸಮುದ್ರ ಅಂತ ಬಾಯಿ ಬಡ್ಕೋತಿದೀನಿ. ಬೆಟ್ಟ ಯಾಕೆ?"

"ಅತ್ತೆಗೆ ಉಬ್ಬಸ ಅಲ್ವೇನೇ? ಬೆಟ್ಟದ ಒಣಗಾಳಿ ಒಳ್ಳೇದು."

"ಅಮ್ಮನ ಉಬ್ಬಸ ಬರೀ ನಾಟಕ ಅಂದಿದ್ದೆ ನೀನು, ಹೋದ ತಿಂಗಳು."

"ಮನುಷ್ಯ ಬದಲಾಗ್ತಾನೆ ಕಣೇ."

"ಯಾವ ಬೆಟ್ಟ?"

"ಯಾವ್ದೋ ಒಂದು. ಸೆರ್ರೊ ಮಾನ್ಸೊ ಅಂತ. ಭೂಗೋಳದ ದೃಷ್ಟಿಯಿಂದ ಅಲ್ಲಿನ ಶಿಲಾರಚನೆ ಬಹಳ..."

ಹಾಲು ಒಡೆದಿದೆಯೋ ಇಲ್ಲವೋ ಎಂದು ಪಾತ್ರೆಯೊಳಗೆ ನೋಡುವಂತೆ ಜುಲೇಮಾ ನನ್ನ ಮುಖದೊಳಗೆ ನೋಡಿದಳು. ಆಮೇಲೆ, "ಸರಿ ಡುಮ್ಮಾ, ಹೋಗೋಣ. ಈಜುಕೊಳ ಇರ್ಬೇಕು ಅಷ್ಟೇ," ಎಂದಳು. ಮದುವೆಯಾಗಿ ಇಪ್ಪತ್ತಮೂರು ವರ್ಷವಾಗಿದ್ದವನಿಗೆ ಆ 'ಸರಿ' ಕೇಳಿ ಮೈ ಜುಮ್ಮೆನ್ನಬೇಕಿತ್ತು. ನಾನು ನನ್ನ ಚಾಣಾಕ್ಷತೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಸೆರ್ರೊ ಮಾನ್ಸೊದಲ್ಲಿ ಈಜುಕೊಳವಿದ್ದದ್ದು ಒಂದೇ, ತಂಡ ಇಳಿದಿದ್ದ ಹೋಟೆಲಿನಲ್ಲಿ. ರಸ್ತೆಯ ಈಚೆ ನಮ್ಮ ವಸತಿ. ನಮ್ಮ ವಸತಿಯ ಅತಿಥಿಗಳು ಆ ಕೊಳ ಬಳಸಬಹುದೆಂಬ ಏರ್ಪಾಡಿತ್ತು. ಮೊದಲ ದಿನ ಮೂವರೂ ಟವಲು ಹೆಗಲಿಗೇರಿಸಿ ಹೋಟೆಲಿನ ಗೇಟಿಗೆ ಹೋದೆವು. ಕಾವಲುಗಾರ ಹೆಂಗಸರಿಗೆ ತಲೆಬಾಗಿ ದಾರಿ ಬಿಟ್ಟ. ನನ್ನ ಎದೆಯ ಮೇಲೆ ಕೈ ಇಟ್ಟ.

"ನೀವು ನಿಲ್ಲಿ ಸಾರ್. ಜೆರ್ಸಿ ಹಾಕಿದೀರ. ಅಭಿಮಾನಿಗಳಿಗೆ ಪ್ರವೇಶ ಇಲ್ಲ. ಕೋಚ್ ಆರ್ಡರು."

"ಏನಯ್ಯಾ, ಅಭಿಮಾನಿಗಳು ಇಲ್ದಿದ್ರೆ ತಂಡ ಎಲ್ಲಿರ್ತಿತ್ತು?"

"ಅಭಿಮಾನಿಗಳು ಇಲ್ದಿದ್ರೆ ಈ ಗೇಟಿಗೆ ನಾನೂ ಬೇಕಿರ್ಲಿಲ್ಲ. ನಿಮ್ಮಿಂದ್ಲೇ ನನ್ನ ಹೊಟ್ಟೆಪಾಡು ಸಾರ್, ಆದ್ರೆ ಒಳಗೆ ಬಿಡಕ್ಕಾಗಲ್ಲ."

"ಆ ಗಬ್ಬು ಜೆರ್ಸಿ ಬಿಚ್ಚಿಟ್ಟು ಬಾರೋ ಡುಮ್ಮಾ, ಅಷ್ಟೇ ತಾನೇ?" ಎಂದಳು ಜುಲೇಮಾ.

ಅಷ್ಟೇ ತಾನೇ! ಶಿಬಿರದ ಮೊದಲ ದಿನ ತೊಟ್ಟ ಜೆರ್ಸಿಯನ್ನು ಋತುವಿನ ಮೊದಲ ಪಂದ್ಯದವರೆಗೆ ಹಗಲಲ್ಲಿ ಬಿಚ್ಚಬಾರದು. ನೋಟ್‌ಬುಕ್ಕಿನಲ್ಲಿ ಮೂರನೇ ಪುಟ, ಕೆಂಪು ಶಾಯಿ. ತಂಡಕ್ಕಾಗಿ ತೊಟ್ಟದ್ದನ್ನು ತಂಡ ನೋಡುವುದಕ್ಕಾಗಿ ಬಿಚ್ಚುವುದೇ?

ಕಾವಲುಗಾರ ತಮಾಷೆಗೆ ಅತ್ತೆಯನ್ನು ಕೇಳಿದ, "ಅಮ್ಮಾ, ನೀವು ಯಾವ ಕ್ಲಬ್ಬು?"

"ನಾನಾ? ಚರ್ಚಿನ ಹೊಲಿಗೆ ಕ್ಲಬ್ಬು. ಮಂಗಳವಾರ, ಶುಕ್ರವಾರ."

"ಒಳಗೆ ಹೋಗಿ ತಾಯಿ."

ಹೀಗೆ, ಜೀವಮಾನದಲ್ಲಿ ಒಂದು ಪಂದ್ಯವನ್ನೂ ನೋಡದ, ಗೋಲ್‌ಕೀಪರನನ್ನು 'ಆ ಕೈಲಿ ಹಿಡಿಯೋ ಹುಡುಗ' ಎನ್ನುವ ನನ್ನ ಅತ್ತೆ ಒಳಗೆ ಹೋದರು. ಮೂವತ್ತೊಂದು ವರ್ಷ ಒಂದು ಪಂದ್ಯವನ್ನೂ ತಪ್ಪಿಸದ ನಾನು ಬೇಲಿಯ ಹೊರಗೆ ಉಳಿದೆ.

ಆದರೆ ಬೇಲಿ ಇರುವುದೇ ಕಿಂಡಿಗಾಗಿ. ಮರುದಿನದಿಂದ ಬೆಳಗ್ಗೆ ಆರೂವರೆಗೆ 'ಬ್ರೆಡ್ಡು ತರ್ತೀನಿ' ಎಂದು ಹೊರಟು, ಹೋಟೆಲಿನ ಅಭ್ಯಾಸ ಮೈದಾನದ ಹಿಂದಿನ ಹಸಿರು ಬೇಲಿಯಲ್ಲಿ ಮಂಡಿಯೂರಿ ಕೂತೆ. ದೂರದ ಮೂಲೆಯಲ್ಲಿ ಇಪ್ಪತ್ತೆರಡು ಗಂಡಸರು ಚೆಂಡಿಲ್ಲದೆ ಓಡುತ್ತಿದ್ದರು. ಮಧ್ಯಾಹ್ನವೂ ಓಡಿದರು. ಮೂರು ದಿನ ಚೆಂಡು ಎಂಬ ವಸ್ತು ಮೈದಾನಕ್ಕೆ ಬರಲೇ ಇಲ್ಲ. ನನಗೆ ಸ್ಪಷ್ಟವಾಗಿ ಕಂಡದ್ದು ಮೂರನೇ ಗೋಲ್‌ಕೀಪರನ ಪೃಷ್ಠ ಮಾತ್ರ, ಅವನು ಬೇಲಿಯ ಪಕ್ಕದಲ್ಲೇ ಬಗ್ಗುತ್ತಿದ್ದ. ಆದರೂ ನಾನು ಬರೆದುಕೊಂಡೆ: 'ತಂಡ ಅದ್ಭುತ ಸ್ಥಿತಿಯಲ್ಲಿದೆ.' ಸಂಜೆ ಚಿಚೋಗೆ ಫೋನ್ ಮಾಡಿ ಅದನ್ನೇ ಓದಿ ಹೇಳಿದೆ. ಊರಿನಲ್ಲಿ ಹಬ್ಬದ ವಾತಾವರಣವಂತೆ.

ಸಣ್ಣಪುಟ್ಟ ಅವಘಡಗಳಾದವು. ಎರಡನೆಯ ದಿನ ಪೈನ್ ಮರದ ಧೂಳಿಗೆ ನಾನು ಸೀನಿದೆ. ಟ್ರ್ಯಾಕ್ಟರ್ ತಿರುಗಿ ನೋಡಿದ, ಕಿತ್ತಳೆ ಬಣ್ಣದ ಕೋನ್ ಎಡವಿ ಬಿದ್ದ, ಮಂಡಿ ಊದಿತು. ನಾಲ್ಕನೆಯ ದಿನ ಕಡೆಗೂ ಚೆಂಡು ಬಂತು, ಮೂರನೇ ಗೋಲ್‌ಕೀಪರ್ ಅದನ್ನು ಹಾರಿ ಹಿಡಿದ. ನಾನು ಮೈಮರೆತು "ಭಲೇ!" ಎಂದೆ. ಅವನು ನನ್ನ ಕಡೆಗೆ ತಿರುಗಿದ, ಎರಡನೇ ಚೆಂಡು ಮೂಗಿಗೆ ಬಂದು ಬಡಿಯಿತು. ಆರನೆಯ ದಿನ ಎತ್ತರದಿಂದ ಚೆನ್ನಾಗಿ ಕಂಡೀತೆಂದು ಪೈನ್ ಮರ ಹತ್ತಿದೆ. ಐವತ್ತನಾಲ್ಕು ವರ್ಷ, ತೊಂಬತ್ತೆಂಟು ಕಿಲೋ. ಕೊಂಬೆ ತನ್ನ ಅಭಿಪ್ರಾಯ ತಿಳಿಸಿತು. ಜೆರ್ಸಿ ಸಿಕ್ಕಿಕೊಂಡು ಒಂದು ಕ್ಷಣ ಒಗೆದ ಬಟ್ಟೆಯಂತೆ ನೇತಾಡಿದೆ, ಚರ್ರೆಂದು ಹರಿದು ಬಿದ್ದೆ, ಎದ್ದು ಓಡಿದೆ. ನನ್ನನ್ನು ಅಟ್ಟಿಸಿಕೊಂಡು ಬಂದ ವ್ಯಾಯಾಮದ ತರಬೇತುದಾರ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡ.

ಅವತ್ತು ಮಧ್ಯಾಹ್ನ ಊಟದ ಮೇಜಿನಲ್ಲಿ ಅತ್ತೆ ನಿಧಾನವಾಗಿ ಬಾಯಿಬಿಟ್ಟರು.

"ಬೆನ್ವೆನೂತೊ ಪಾಪ ತುಂಬಾ ನೊಂದ್ಕೊಂಡಿದಾನೆ."

ನನ್ನ ಫೋರ್ಕು ಗಾಳಿಯಲ್ಲೇ ನಿಂತಿತು. "ಕೋಚ್ ಬೆನ್ವೆನೂತೊ? ನಿಮಗೆ ಹೇಗೆ ಗೊತ್ತು ಅತ್ತೆ?"

"ದಿನಾ ನಾಲ್ಕು ಗಂಟೆಗೆ ಒಟ್ಟಿಗೆ ಮಟೆ ಕುಡೀತೀವಲ್ಲ, ಕೊಳದ ಹತ್ರ. ಒಳ್ಳೇ ಮನುಷ್ಯ, ಮಟೆ ಮಾತ್ರ ಮಾಡಕ್ ಬರ್ತಿರ್ಲಿಲ್ಲ. ನೀರು ಕೊತಕೊತ ಕುದಿಸಿ ಸೊಪ್ಪೆಲ್ಲ ಸುಟ್ಟುಬಿಡ್ತಿದ್ದ. 'ತೆಗಿಯಪ್ಪ ಇಲ್ಲಿ' ಅಂತ ಸೋರೆಬುರುಡೆ ಕಿತ್ಕೊಂಡು ನಾನೇ ಮಾಡಿಕೊಟ್ಟೆ. ಈಗ ಹುಡುಗ್ರೂ ಬರ್ತಾರೆ." (ಮಟೆ ಎಂದರೆ ನಮ್ಮ ನಾಡಿನ ಕಹಿ ಸೊಪ್ಪಿನ ಚಹಾ, ಒಂದೇ ಸೋರೆಬುರುಡೆಯಿಂದ ಎಲ್ಲರೂ ಸರದಿಯಲ್ಲಿ ಹೀರುವುದು.)

"ಏನು ಮಾತಾಡ್ತಾನೆ?"

"ಏನೋಪ್ಪ. ಎಡಗಡೆ ಹಿಂದೆ ಯಾರನ್ನ ಆಡಿಸ್ಲಿ ಅಂತ ಕೇಳ್ದ. ಹೇಳ್ದೆ."

"ಯಾರಂತ ಹೇಳಿದ್ರಿ?" ನನ್ನ ಸ್ವರ ಕೀಚಲಾಯಿತು.

"ಮಟೆ ಕುಡೀತಾ ಆಡಿದ್ ಮಾತು ಹೊರಗೆ ಆಡ್ಬಾರ್ದಪ್ಪ ಅಬೆಲಾರ್ದೊ."

ಓದುಗರೇ, ಎಡಗಡೆಯ ಹಿಂದಿನ ಆಟಗಾರನ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಹದಿನೇಳು ಪುಟಗಳಿವೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನನ್ನನ್ನು ಕೇಳಿದ್ದಿಲ್ಲ.

"ಮತ್ತೆ ಯಾಕಮ್ಮಾ ನೊಂದ್ಕೊಂಡಿರೋದು?" ಎಂದು ಕೇಳಿದಳು ಜುಲೇಮಾ, ನನ್ನನ್ನೇ ನೋಡುತ್ತಾ.

"ಬೇಲಿ ಹಿಂದೆ ಯಾವನೋ ಒಬ್ಬ ಪಟ್ಟೆ ಜೆರ್ಸಿಯವನು ಬಂದು ಅವಿತ್ಕೋತಾನಂತೆ. ಅವನು ಬಂದಾಗೆಲ್ಲ ಒಬ್ಬೊಬ್ಬರಿಗೆ ಪೆಟ್ಟು. ಶುದ್ಧ ಮುಫಾ ಅಂತೆ. ಜೆರ್ಸಿ ಚೂರು ಸಿಕ್ಕಿದೆ, ಹಿಡಿದೇ ಹಿಡೀತೀವಿ ಅಂತಿದಾರೆ. ಎಂಥ ಅನಿಷ್ಟ ಮನುಷ್ಯ ಇರ್ಬೇಕು!"

"ಅನಿಷ್ಟವೇ," ಎಂದೆ ನಾನು, ಎಡತೋಳನ್ನು ಪಕ್ಕೆಯ ತೂತಿಗೆ ಒತ್ತಿಕೊಂಡು.

"ಯಾಕೋ ಡುಮ್ಮಾ ಪಕ್ಕೆ ಹಿಡ್ಕೊಂಡಿದೀಯ?"

"ವಾಯು."

ಆಮೇಲಿನ ಮೂರು ದಿನ ಆ ತೋಳನ್ನು ಎತ್ತಲಿಲ್ಲ.

ಶಿಬಿರದ ಕೊನೆಯ ಶನಿವಾರ ಸೆರ್ರೊ ಮಾನ್ಸೊ ಹಳ್ಳಿಯ ತಂಡದ ಜೊತೆ ಅಭ್ಯಾಸ ಪಂದ್ಯ. ಗೇಟು ಎಲ್ಲರಿಗೂ ತೆರೆದಿತ್ತು. ಚಿಚೋ ನಲವತ್ತು ಜನರನ್ನು ಬಸ್ಸಿನಲ್ಲಿ ಕರೆತಂದಿದ್ದ. ನಮ್ಮದು ಗಿರಣಿ ಕೂಲಿಗಳು ಕಟ್ಟಿದ ಕ್ಲಬ್ಬಾದ್ದರಿಂದ ಎದುರಾಳಿಗಳು ನಮ್ಮನ್ನು 'ಹಿಟ್ಟಿನವರು' ಎಂದು ಹೀಯಾಳಿಸುತ್ತಾರೆ, ನಾವು ಅದನ್ನೇ ಬಿರುದು ಮಾಡಿಕೊಂಡು ತಂಡ ಇಳಿಯುವಾಗ ಹಿಟ್ಟು ತೂರುತ್ತೇವೆ. ಅಂದೂ ತೂರಿದೆವು. ಎದುರಾಳಿಗಳ ಗೋಲಿನಲ್ಲಿ ಹಳ್ಳಿಯ ಕಟುಕ ನಿಂತಿದ್ದ, ಮುಂದೆ ಪೋಸ್ಟ್‌ಮ್ಯಾನ್. ಅರ್ಧ ಸಮಯದ ಹೊತ್ತಿಗೆ ಪೋಸ್ಟ್‌ಮ್ಯಾನ್ ಎರಡು ಗೋಲು ಬಟವಾಡೆ ಮಾಡಿದ್ದ, ನಮ್ಮದು ಸೊನ್ನೆ.

"ಕಾಲು ಭಾರ ಇರುತ್ತೆ ಮೇಷ್ಟ್ರೇ," ಎಂದ ಚಿಚೋ ಸಮಾಧಾನದಿಂದ. "ಶಿಬಿರದ ಭಾರ. ಈಗ ಸೋತ್ರೆ ಒಳ್ಳೇ ಲಕ್ಷಣ."

"ಹೋದ ವರ್ಷ ಶಿಬಿರದಲ್ಲಿ ಗೆದ್ದಾಗ್ಲೂ ಒಳ್ಳೇ ಲಕ್ಷಣ ಅಂದಿದ್ದೆ."

"ಅದೂ ಒಳ್ಳೇದೇ."

ಆಗ ನನ್ನ ಅತ್ತೆ ಮಧ್ಯಾಹ್ನದ ನಿದ್ದೆ ಮುಗಿಸಿ, ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡು ಮೈದಾನಕ್ಕೆ ಬಂದರು. ಕೋಚ್ ಎದ್ದು ನಿಂತು ಆಟಗಾರರ ಬೆಂಚಿನಲ್ಲಿ ತನ್ನ ಪಕ್ಕ ಜಾಗ ಮಾಡಿಕೊಟ್ಟ. ಅತ್ತೆ ಮಟೆ ಹಾಕಿದರು. ಎರಡು ನಿಮಿಷಕ್ಕೆ ಗೋಲು! ಇನ್ನೊಂದು ಹಾಕಿದರು. ಇನ್ನೊಂದು ಗೋಲು! ಊದಿದ ಮಂಡಿಯ ಟ್ರ್ಯಾಕ್ಟರ್ ಚೆಂಡಿಗೆ ಬೆನ್ನು ಹಾಕಿ ನಿಂತಿದ್ದಾಗ ಅದು ಅವನ ಸೊಂಟದ ಕೆಳಗೆ ಬಡಿದು ಒಳಗೆ ಹೋಯಿತು. ಕೊನೆಗೆ ಐದು ಎರಡು. ಕಟುಕನನ್ನೂ ಪೋಸ್ಟ್‌ಮ್ಯಾನನನ್ನೂ ಸೋಲಿಸಿದ್ದಕ್ಕೆ ನಾವು ಅತ್ತೆವು, ಅಪ್ಪಿಕೊಂಡೆವು, ವಿಶ್ವವನ್ನೇ ಗೆದ್ದಂತೆ ಕುಣಿದೆವು. ಕೋಚ್ ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟು ಘೋಷಿಸಿದ: "ಈ ತಾಯಿಯ ಕಾಲ್ಗುಣ! ಈ ವರ್ಷದ ಪ್ರತಿ ಪಂದ್ಯಕ್ಕೂ ಇವರು ಇರಲೇಬೇಕು!"

ಅಷ್ಟರಲ್ಲಿ ವ್ಯಾಯಾಮದ ತರಬೇತುದಾರ ಊರುಗೋಲಿನ ಮೇಲೆ ಕುಂಟುತ್ತಾ ಮುಂದೆ ಬಂದು, ಒಂದು ಬಟ್ಟೆಯ ಚೂರು ಎತ್ತಿ ಹಿಡಿದ. "ಎಲ್ಲ ಅಭಿಮಾನಿಗಳೂ ಇಲ್ಲೇ ಇದೀರಿ. ಇದು ಯಾರ್ದು? ಮರದಲ್ಲಿ ಸಿಕ್ಕಿದ್ದು."

"ಕೊಡಪ್ಪಾ ಇಲ್ಲಿ," ಎಂದು ಅತ್ತೆ ಕನ್ನಡಕ ಏರಿಸಿದರು. ಚೂರನ್ನು ತಿರುಗಿಸಿ ನೋಡಿದರು. ಮುಖ ಅರಳಿತು. ಜಗತ್ತಿನಲ್ಲಿ ತನ್ನ ಹೊಲಿಗೆಯನ್ನು ಗುರುತಿಸಿದ ಹೆಂಗಸಿನ ಹೆಮ್ಮೆಯನ್ನು ತಡೆಯುವ ಶಕ್ತಿ ಯಾವುದೂ ಇಲ್ಲ. "ನೇರಳೆ ದಾರ! ಇದು ನನ್ನ ಕೈಯಿಂದು! ನಮ್ಮ ಅಳಿಯಂದು ಜೆರ್ಸಿ. ಅಬೆಲಾರ್ದೊ! ಎಲ್ಲಿದೀಯಪ್ಪಾ, ಕೈ ಎತ್ತು!"

ಹೆಸರು ಕರೆದರೆ ಕೈ ಎತ್ತಬೇಕೆಂದು ಶಾಲೆಯ ಮಕ್ಕಳಿಗೆ ಇಪ್ಪತ್ತೆಂಟು ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಎತ್ತಿದೆ. ಎಡಗೈ. ಪಕ್ಕೆಯ ತೂತಿನಿಂದ ನನ್ನ ಬಿಳಿ ಹೊಟ್ಟೆ ಜಗತ್ತಿಗೆ ದರ್ಶನ ಕೊಟ್ಟಿತು.

ನಲವತ್ತು ಎಡಗೈಗಳು ಒಟ್ಟಿಗೆ ಕೆಳಗಿಳಿದು ಆ ಜಾಗ ಮುಟ್ಟಿಕೊಂಡವು. ಎಲ್ಲಕ್ಕಿಂತ ಮೊದಲು ಇಳಿದದ್ದು ಚಿಚೋನದು.

ವಾಪಸು ಬರುವ ಬಸ್ಸಿನಲ್ಲಿ ಜುಲೇಮಾ ಕಿಟಕಿಯ ಕಡೆ ನೋಡುತ್ತಾ ಹೇಳಿದಳು, "ಶಿಬಿರ ಎಲ್ಲಿ ಅಂತ ರೇಡಿಯೋ ಹೇಳಿದಾಗ ನಾನೂ ಅಡುಗೆಮನೇಲೇ ಇದ್ದೆ ಕಣೋ."

"ಮತ್ತೆ ಯಾಕೆ ಸರಿ ಅಂದೆ?"

"ಈಜುಕೊಳ ಚೆನ್ನಾಗಿತ್ತು. ಅಮ್ಮಂಗೆ ಉಬ್ಬಸಾನೂ ಕಮ್ಮಿಯಾಯ್ತು. ನೀನೇ ಹೇಳಿದ್ಯಲ್ಲ, ಒಣಗಾಳಿ ಒಳ್ಳೇದು ಅಂತ."

ಮೊದಲ ಪಂದ್ಯದ ಮುಂಚಿನ ದಿನ ಗ್ಯಾಲರಿಯ ಗೆಳೆಯರ ನಿಯೋಗವೊಂದು ಮನೆಗೆ ಬಂತು. ಚಿಚೋ ಬಾಗಿಲಾಚೆಯೇ ನಿಂತ. ಒಂದು ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ.

"ನೋಡು... ನೋಡಯ್ಯಾ," ಎಂದ. (ಹೆಸರು ಹೇಳಲಿಲ್ಲ. 'ಮೇಷ್ಟ್ರೇ' ಎಂಬುದನ್ನೂ ಬಿಟ್ಟ.) "ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಆದ್ರೆ ತಂಡ ದೊಡ್ಡದಾ, ನೀನು ದೊಡ್ಡವನಾ?"

"ಮೂವತ್ತೊಂದು ವರ್ಷ ಚಿಚೋ! ಒಂದು ಪಂದ್ಯ ತಪ್ಪಿಸಿಲ್ಲ ನಾನು!"

"ಅದನ್ನೇ ನಾವೂ ಲೆಕ್ಕ ಹಾಕಿದ್ವಿ. ಮೂವತ್ತೊಂದು ವರ್ಷದಲ್ಲಿ ಒಂದು ಕಪ್ಪೂ ಬಂದಿಲ್ಲ."

ಇನ್ನು ಮುಂದೆ ಲೆಕ್ಕ ತಾನೇ ಬರೆಯುತ್ತೇನೆಂದು ನನ್ನ ನೋಟ್‌ಬುಕ್ಕನ್ನೂ ಇಸಿದುಕೊಂಡು ಹೋದ.

ಭಾನುವಾರ ಅತ್ತೆ ನನ್ನ ಕಾರ್ಡು ಕುತ್ತಿಗೆಗೆ ಹಾಕಿಕೊಂಡು ನನ್ನ ಸೀಟಿಗೆ ಹೋದರು. (ಲೀಗಿನ ನಿಯಮ ಅವರನ್ನು ಬೆಂಚಿಗೆ ಬಿಡಲಿಲ್ಲ. ನನ್ನ ಸೀಟಿಗೆ ಬಿಡಲು ಯಾವ ನಿಯಮವೂ ಅಡ್ಡ ಬರಲಿಲ್ಲ.) ವಯಸ್ಸಾದವರ ಜೊತೆಗೆಂದು ಜುಲೇಮಾಳೂ ಹೊರಟಳು. ಹೋಗುವಾಗ, "ಸುಮ್ನೆ ಕೂತು ಕೊರಗ್ಬೇಡ. ಎಂಪನಾದಾ ಕಡುಬಿಗೆ ಹಿಟ್ಟು ನಾದಿಡು, ಬಂದು ತಿಂತೀವಿ," ಎಂದಳು. ಅವಳ ಹೂವಿನ ಏಪ್ರನ್ ಕಟ್ಟಿಕೊಂಡು, ಕಣ್ಣೀರು ಒರೆಸಿಕೊಂಡು ನಾದಿದೆ. ದುಃಖದಲ್ಲಿ ಉಪ್ಪು ಹಾಕುವುದು ಮರೆತೆ. ನಮ್ಮವರು ಮೂರು ಸೊನ್ನೆಯಿಂದ ಗೆದ್ದರು.

ಆಟ ಮುಗಿದ ಹತ್ತೇ ನಿಮಿಷಕ್ಕೆ ಚಿಚೋ ಅಡುಗೆಮನೆಯ ಕಿಟಕಿಗೆ ಬಂದ. "ಗೋಲಾದಾಗ ಏನ್ ಮಾಡ್ತಿದ್ದೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

"ಹಿಟ್ಟು ನಾದ್ತಿದ್ದೆ."

"ಏಪ್ರನ್?"

"ಜುಲೇಮಾದು. ಹೂವಿಂದು."

ಅವನು ಎಲ್ಲವನ್ನೂ ಬರೆದುಕೊಂಡ. ನನ್ನದೇ ನೋಟ್‌ಬುಕ್ಕಿನಲ್ಲಿ, ಕೆಂಪು ಶಾಯಿಯಲ್ಲಿ.

ಈಗ ಏಳು ಭಾನುವಾರಗಳಾದವು. ಏಳೂ ಗೆಲುವು. ಉನಿಯೋನ್ ಮೊಲಿನೇರಾ ಪಟ್ಟಿಯ ತುದಿಯಲ್ಲಿದೆ. ಮೈದಾನಕ್ಕೆ ಹೋಗುವ ಜನ ನಮ್ಮ ಮನೆ ಹತ್ತಿರ ಬಂದಾಗ ಹಾಡು ನಿಲ್ಲಿಸಿ, ಕಿಟಕಿಯಲ್ಲಿ ಇಣುಕಿ, "ನಾದ್ತಿದಾನೆ, ನಾದ್ತಿದಾನೆ" ಎಂದು ಪಿಸುಗುಟ್ಟಿ ಮುಂದೆ ಸಾಗುತ್ತಾರೆ.

ಹೋದ ಭಾನುವಾರ ನನ್ನೊಳಗಿನ ವಿದ್ಯಾವಂತ ದಂಗೆ ಎದ್ದ. ಒಂದೇ ಒಂದು ಪಂದ್ಯ ಸೋತರೆ ಈ ಮೂಢನಂಬಿಕೆ ಮುರಿಯುತ್ತದೆ, ನನ್ನ ಸೀಟು ನನಗೆ ಸಿಗುತ್ತದೆ. ಸರಿಯಾಗಿ ನಾಲ್ಕೂ ಇಪ್ಪತ್ತಕ್ಕೆ ಎರಡೂ ಕೈಗಳನ್ನು ಹಿಟ್ಟಿನಿಂದ ಎತ್ತಿ, ಮೇಲೆ ಹಿಡಿದು ನಿಂತೆ. ಎರಡು ನಿಮಿಷ ಆಗಿರಲಿಲ್ಲ, ಪಕ್ಕದ ಮನೆಯ ರೇಡಿಯೋ ಗೋಳಿಟ್ಟಿತು: ಎದುರಾಳಿಗಳ ಗೋಲು! ಇನ್ನು ಮುಕ್ಕಾಲು ಗಂಟೆ ಹಾಗೇ ನಿಂತಿದ್ದರೆ ಸಾಕಿತ್ತು, ನಾನು ಸ್ವತಂತ್ರ.

ಮೇಲೆ ನೋಡಿದರೆ ಕೈಗಳಿರಲಿಲ್ಲ. ಮೊಣಕೈವರೆಗೆ ಹಿಟ್ಟಿನೊಳಗೆ ಹೋಗಿ ಹುಚ್ಚು ಹಿಡಿದಂತೆ ನಾದುತ್ತಿದ್ದವು.

ಎರಡು ಒಂದರಿಂದ ಗೆದ್ದೆವು. ಸಂಜೆ ಅತ್ತೆ ಕೂಗಿ ಕೂಗಿ ಬಿದ್ದುಹೋದ ಗಂಟಲಿನಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ಎಂಪನಾದಾ ಕಚ್ಚಿ ಮುಖ ಕಿವಿಚಿದರು.

"ಏಳು ವಾರದಿಂದ ಉಪ್ಪೇ ಇಲ್ವಲ್ಲಪ್ಪಾ ಅಬೆಲಾರ್ದೊ."

ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಕಿಟಕಿಯಿಂದ ಚಿಚೋ ಚೀರಿದ: "ಮುಟ್ಬೇಡ! ಏನನ್ನೂ ಬದಲಾಯಿಸ್ಬೇಡ!"

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಡಿಸೆಂಬರಿನವರೆಗೆ ನಾನು ಉಪ್ಪಿಲ್ಲದೆಯೇ ಕುಡಿಯಬೇಕು.